ಕಾರಿನ ಹೀಟರ್ ತಣ್ಣನೆ ಗಾಳಿ ಊದುತ್ತಿದೆ, ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾ? (ಪುಣೆ)

ಧಾರವಾಡ_ವಾಕಡ್
ಪುಣೆ ಮಂದಿಗೆಲ್ಲ ನಮಸ್ಕಾರ. ಈ ವರ್ಷದ ಚಳಿಗೆ ಮೊದಲ ಸಲ ಹೀಟರ್ ಹಾಕಿದೆ, ಕೈ ಕೊಟ್ಟಿತು. ನಾಬ್ ಪೂರ್ತಿ ಕೆಂಪು ಕಡೆ ತಿರುಗಿಸಿದರೂ ಬರುವುದು ತಣ್ಣನೆ ಗಾಳಿಯೇ. ಬ್ಲೋವರ್ ಜೋರಾಗಿದೆ. ಟೆಂಪರೇಚರ್ ಮುಳ್ಳು ಎಂದಿನಂತೆ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಬೈಪಾಸ್ ರಸ್ತೆಯಲ್ಲಿ ಸ್ವಲ್ಪ ವೇಗವಾಗಿ ಹೋದರೆ ಗಾಳಿ ಉಗುರುಬೆಚ್ಚಗಾಗುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಮತ್ತೆ ತಣ್ಣಗೆ. ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಬಾಟಲಿಯಲ್ಲಿ ಮಟ್ಟ ಸರಿಯಾಗಿದೆ, ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ.

ಕಾರು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಆಟೋಮ್ಯಾಟಿಕ್ ಎಸಿ ಅಲ್ಲ, ಕೈಯಲ್ಲಿ ತಿರುಗಿಸುವ ನಾಬ್‌ಗಳು. ಮನೆ ಹತ್ತಿರದ ಗ್ಯಾರೇಜಿನವರು ನೋಡಿ "ಹೀಟರ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, 14 ಸಾವಿರ" ಅಂದರು. ಬಾನೆಟ್ ಎತ್ತಿದ್ದು ಬಿಟ್ಟರೆ ಏನನ್ನೂ ಮುಟ್ಟಿ ನೋಡಲಿಲ್ಲ. ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಡಬೇಕು. ಬೆಳಗಿನ ಜಾವವೇ ಹೊರಡುವುದು, ಅವರಿಗೆ ಮಂಡಿನೋವು, ಚಳಿ ತಡೆಯುವುದಿಲ್ಲ. 14 ಸಾವಿರ ಕೊಡುವ ಮುಂಚೆ ನಾನೇ ನೋಡಬಹುದಾದದ್ದು ಏನಾದರೂ ಇದೆಯಾ?

ಮುಲುಂಡ್_ಮಂಗಳೂರು
ಕಾರಿಗೆ ಹೀಟರ್ ಅಂತ ಒಂದು ಇರುತ್ತದೆ ಅಂತ ಈಗ ಗೊತ್ತಾಯಿತು 😀 ನಮ್ಮ ಮುಂಬೈಯಲ್ಲಿ ಮಧ್ಯಾಹ್ನ ಬಾಗಿಲು ತೆಗೆದರೆ ಸಾಕು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಥ್ರೆಡ್ ಫಾಲೋ ಮಾಡುತ್ತೇನೆ, ನನ್ನದೂ ಒಂದು ಪ್ರಶ್ನೆ ಇದೆ, ಆಮೇಲೆ ಕೇಳುತ್ತೇನೆ.

ಪಾಷಾಣ್_ಕಾಫಿ
ಬಿಚ್ಚುವುದು ಕೊನೆಯ ಮಾತು. ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಪೆಟ್ರೋಲ್ ಕಾರಿನ ಹೀಟರ್‌ನಲ್ಲಿ ಬಿಸಿ ಮಾಡುವ ವಿದ್ಯುತ್ ಕಾಯಿಲ್ ಇರುವುದಿಲ್ಲ. ಗ್ಯಾರೇಜಿನವರು ಕಾಯಿಲ್ ಅನ್ನುವುದು ಡ್ಯಾಶ್‌ಬೋರ್ಡ್ ಹಿಂದೆ ಕೂತಿರುವ ಒಂದು ಪುಟ್ಟ ರೇಡಿಯೇಟರ್, ಹೀಟರ್ ಕೋರ್ ಅಂತಲೂ ಅನ್ನುತ್ತಾರೆ. ಎಂಜಿನ್ ಕಾದಾಗ ಬಿಸಿಯಾದ ಕೂಲಂಟ್‌ನಲ್ಲಿ ಒಂದು ಪಾಲು ಅದರೊಳಗೆ ಹರಿಯುತ್ತದೆ. ಬ್ಲೋವರ್ ಗಾಳಿ ಅದರ ಮೇಲೆ ಹಾದು ಬಿಸಿಯಾಗಿ ನಿಮ್ಮ ಕಾಲಿಗೆ ಬರುತ್ತದೆ. ನೀವು ನಾಬ್ ತಿರುಗಿಸಿದಾಗ ಹೆಚ್ಚಿನ ಕಾರುಗಳಲ್ಲಿ ಒಳಗಿನ ಒಂದು ಫ್ಲಾಪ್ ತಿರುಗಿ, ಗಾಳಿ ಆ ರೇಡಿಯೇಟರ್ ಮೂಲಕ ಹೋಗಬೇಕೋ ಪಕ್ಕದಿಂದ ಹೋಗಬೇಕೋ ಅಂತ ತೀರ್ಮಾನಿಸುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಫ್ಲಾಪ್ ಜೊತೆಗೆ ಕೂಲಂಟನ್ನೇ ತಡೆಯುವ ಒಂದು ನಲ್ಲಿಯೂ ಇರುತ್ತದೆ.

ಅಂದರೆ ಗಾಳಿ ತಣ್ಣಗಿದ್ದರೆ ಎರಡರಲ್ಲಿ ಒಂದು. ಬಿಸಿ ಕೂಲಂಟ್ ಅಲ್ಲಿಗೆ ತಲುಪುತ್ತಿಲ್ಲ, ಇಲ್ಲವೇ ಕೂಲಂಟ್ ತಲುಪಿದರೂ ಗಾಳಿ ಅದರ ಮೇಲೆ ಹಾಯುತ್ತಿಲ್ಲ. ಇದನ್ನು ಕೈಯಲ್ಲೇ ಪತ್ತೆ ಮಾಡಬಹುದು. ಎಂಜಿನ್ ಕೋಣೆಯ ಹಿಂದಿನ ಗೋಡೆಯಲ್ಲಿ ಎರಡು ರಬ್ಬರ್ ಹೋಸ್‌ಗಳು ಒಳಗೆ ಹೋಗುತ್ತವೆ. ಹತ್ತಿಪ್ಪತ್ತು ನಿಮಿಷ ಓಡಿಸಿ ಬಂದು, ನಾಬ್ ಕೆಂಪಿನಲ್ಲೇ ಇಟ್ಟು, ಎರಡನ್ನೂ ಮುಟ್ಟಿ ನೋಡಿ. ಎರಡೂ ಸುಡುವಷ್ಟು ಬಿಸಿಯಿದ್ದರೆ ಕೂಲಂಟ್ ಸರಿಯಾಗಿ ಹರಿಯುತ್ತಿದೆ, ತಪ್ಪು ಫ್ಲಾಪ್‌ನದು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಒಳಗೆ ಹರಿವು ನಿಂತಿದೆ: ಗಾಳಿ ಸಿಕ್ಕಿಕೊಂಡಿದೆ, ಕಸ ಕಟ್ಟಿದೆ, ಅಥವಾ ನಲ್ಲಿ ಮುಚ್ಚಿದೆ. ಎರಡೂ ಉಗುರುಬೆಚ್ಚಗಿದ್ದರೆ ಎಂಜಿನ್ನೇ ಸರಿಯಾಗಿ ಕಾಯುತ್ತಿಲ್ಲ, ಆಗ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲಂಟನ್ನು ದೊಡ್ಡ ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್) ನೋಡಬೇಕು. ಕೂಲಂಟ್ ಕಡಿಮೆಯಿದ್ದರೂ ಹೀಗಾಗಬಹುದು.

ಎಂಜಿನ್ ಆಫ್ ಮಾಡಿಯೇ ಮುಟ್ಟಿ. ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು, ಕೈ, ದುಪಟ್ಟಾ, ಜನಿವಾರ ಎಲ್ಲ ದೂರ ಇರಲಿ. ಮೊದಲು ಬಟ್ಟೆ ಹಿಡಿದು ಮುಟ್ಟಿ.

ಕೊಲ್ಹಾಪುರ_ರೋಡ್
ಇಷ್ಟೆಲ್ಲ ಯಾಕೆ ಸರ್? ನಾನು ವರ್ಷಗಟ್ಟಲೆ ಟ್ಯಾಕ್ಸಿ ಓಡಿಸಿದವನು. ಥರ್ಮೋಸ್ಟಾಟ್ ತೆಗೆಸಿಬಿಡಿ. ನಮ್ಮ ಕಡೆ ಎಲ್ಲರೂ ಅದನ್ನೇ ಮಾಡುವುದು. ಎಂಜಿನ್ ತಂಪಾಗಿರುತ್ತದೆ, ಘಾಟ್‌ನಲ್ಲಿ ತಲೆನೋವಿಲ್ಲ.

ಸ್ಪ್ಯಾನರ್_ಮಾಮ
@ಕೊಲ್ಹಾಪುರ_ರೋಡ್ ಅಣ್ಣಾ, ಅವರು ಕೇಳುತ್ತಿರುವುದು ಬಿಸಿಗಾಳಿ, ನೀವು ಕೊಟ್ಟಿರುವುದು ಅದನ್ನು ಪೂರ್ತಿ ನಿಲ್ಲಿಸುವ ಉಪಾಯ 😀 ಥರ್ಮೋಸ್ಟಾಟ್ ತೆಗೆದರೆ ಕೂಲಂಟ್ ಮೊದಲ ನಿಮಿಷದಿಂದಲೇ ದೊಡ್ಡ ರೇಡಿಯೇಟರ್‌ಗೆ ಹೋಗಿ ತಣ್ಣಗಾಗುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಹೈವೇ ಮೇಲೆ ಮುಳ್ಳು ಮೇಲೇರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಎಂಜಿನ್ ಆಯಿಲ್ ಕೆಡುತ್ತದೆ, ಒಳಗೆ ಸವೆತವೂ ಜಾಸ್ತಿ. ಹಳೆಯ ಕಾರ್ಬುರೇಟರ್ ಗಾಡಿಗಳ ಕಾಲದಲ್ಲಿ ಈ ಉಪಾಯ ಹೇಗೋ ನಡೆಯುತ್ತಿತ್ತು. ಈಗ ಬೇಡ.

@ಧಾರವಾಡ_ವಾಕಡ್ ಭೋಸರಿಯಲ್ಲಿ ಗಾಡಿಗಳ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆದಿದೆ, ಹಾಗಾಗಿ ಒಂದು ಅನುಮಾನ. ಹೈವೇ ಮೇಲೆ ಸ್ವಲ್ಪ ಬೆಚ್ಚಗೆ, ಸಿಗ್ನಲ್‌ನಲ್ಲಿ ತಣ್ಣಗೆ ಅಂದಿರಲ್ಲ, ಅದು ಕೂಲಂಟ್ ಕಡಿಮೆ ಅಥವಾ ಗಾಳಿ ಸಿಕ್ಕಿದೆ ಅನ್ನುವ ಲಕ್ಷಣ. ಎಂಜಿನ್ ಜೋರಾಗಿ ತಿರುಗಿದಾಗ ಪಂಪ್ ಹೇಗೋ ತಳ್ಳುತ್ತದೆ, ನಿಧಾನವಾದಾಗ ಆಗುವುದಿಲ್ಲ. ಪೆಟ್ರೋಲ್ ಅಂದಿರಿ. ಆಮೇಲೆ ಸಿಎನ್‌ಜಿ ಕಿಟ್ ಏನಾದರೂ ಹಾಕಿಸಿದ್ದೀರಾ?

ಧಾರವಾಡ_ವಾಕಡ್
ಹೌದು! ಮಳೆಗಾಲ ಮುಗಿದ ಮೇಲೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದೆ. ಹೀಟರ್‌ಗೂ ಗ್ಯಾಸಿಗೂ ಏನು ಸಂಬಂಧ?

ಹೋಸ್ ಮುಟ್ಟಿ ನೋಡಿದೆ. ಒಂದು ಸುಡುತ್ತಿದೆ. ಇನ್ನೊಂದು ಬಹುತೇಕ ತಣ್ಣಗಿದೆ. ಇನ್ನೊಂದು ವಿಷಯ, ಬೆಳಿಗ್ಗೆ ಗ್ಯಾಸಿಗೆ ಬದಲಾದ ಮೇಲೆ ಏರು ಬಂದರೆ ಕಾರು ಜರ್ಕ್ ಹೊಡೆಯುತ್ತದೆ. ಅದು ಬೇರೆ ಸಮಸ್ಯೆ ಅಂದುಕೊಂಡು ಬರೆದಿರಲಿಲ್ಲ.

ಸ್ಪ್ಯಾನರ್_ಮಾಮ
ಬೇರೆ ಅಲ್ಲ, ಒಂದೇ. ಸ್ವಲ್ಪ ಉದ್ದ ಬರೆಯುತ್ತೇನೆ, ಪುಣೆಯಲ್ಲಿ ಗ್ಯಾಸ್ ಗಾಡಿ ಎಷ್ಟಿವೆ ನೋಡಿ, ಬೇರೆಯವರಿಗೂ ಬೇಕಾಗುತ್ತದೆ.

ಸಿಲಿಂಡರ್‌ನಲ್ಲಿ ಗ್ಯಾಸ್ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಎಂಜಿನ್‌ಗೆ ಬೇಕಾಗುವುದು ಎರಡು ಬಾರ್ ಆಸುಪಾಸು. ಈ ಒತ್ತಡ ಇಳಿಸುವುದು ಬಾನೆಟ್ ಕೆಳಗಿರುವ ರೆಡ್ಯೂಸರ್. ಅಷ್ಟು ಒತ್ತಡದಿಂದ ಒಮ್ಮೆಲೇ ಹಿಗ್ಗಿದರೆ ಗ್ಯಾಸ್ ವಿಪರೀತ ತಣ್ಣಗಾಗುತ್ತದೆ. ಹಾಗೇ ಬಿಟ್ಟರೆ ರೆಡ್ಯೂಸರ್ ಮೇಲೆ ಮಂಜು ಕಟ್ಟಿ, ಒಳಗಿನ ರಬ್ಬರ್ ಡಯಾಫ್ರಂ ಬಿಗಿದು, ಗ್ಯಾಸ್ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ರೆಡ್ಯೂಸರ್ ಒಳಗೂ ಬಿಸಿ ಕೂಲಂಟ್ ಹರಿಸುತ್ತಾರೆ. ಆ ಕೂಲಂಟ್ ಎಲ್ಲಿಂದ ತರುತ್ತಾರೆ? ನಿಮ್ಮ ಹೀಟರ್ ಹೋಸ್‌ನಿಂದಲೇ. ಎರಡು ಹೋಸ್‌ಗಳನ್ನು ಕತ್ತರಿಸಿ ಟೀ ಜಾಯಿಂಟ್ ಹಾಕಿ ಕವಲು ತೆಗೆಯುತ್ತಾರೆ.

ಇಲ್ಲಿ ಹಲವು ಎಡವಟ್ಟು ಆಗುತ್ತವೆ. ಹೋಸ್ ಕತ್ತರಿಸಿದಾಗ ಕೂಲಂಟ್ ಚೆಲ್ಲುತ್ತದೆ, ಗಾಳಿ ಒಳಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಬಾಟಲಿಗೆ ನೀರು ತುಂಬಿ ಕೀ ಕೊಟ್ಟು ಕಳಿಸುತ್ತಾರೆ. ಗಾಳಿ ಹೊರಗೆ ತೆಗೆಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಜಾಗ ಸಿಗದಿದ್ದರೆ ರೆಡ್ಯೂಸರನ್ನು ಎತ್ತರಕ್ಕೆ, ರೇಡಿಯೇಟರ್‌ನ ತಲೆಗಿಂತ ಮೇಲೆ ಕೂರಿಸುತ್ತಾರೆ. ಗಾಳಿ ಯಾವಾಗಲೂ ಮೇಲಕ್ಕೇ ಹೋಗುವುದು ಅಲ್ವಾ, ಹಾಗಾಗಿ ಇಡೀ ಸಿಸ್ಟಂನ ಗಾಳಿ ಅಲ್ಲಿ ಹೋಗಿ ಕೂರುತ್ತದೆ. ರೆಡ್ಯೂಸರ್ ಯಾವಾಗಲೂ ರೇಡಿಯೇಟರ್‌ನ ಮೇಲ್ಮಟ್ಟಕ್ಕಿಂತ ಕೆಳಗಿರಬೇಕು. ಇನ್ನೊಂದು, ರೆಡ್ಯೂಸರ್ ಕವಲು ಚಿಕ್ಕದು, ಹೀಟರ್ ದಾರಿ ಉದ್ದ. ಹೀಟರ್ ಒಳಗೆ ಸ್ವಲ್ಪ ಕಸವಿದ್ದರೂ ಕೂಲಂಟ್ ಸುಲಭದ ದಾರಿ ಹಿಡಿದು ಬಿಡುತ್ತದೆ. ನಿಮ್ಮದರಲ್ಲಿ ಜರ್ಕ್ ಕೂಡ ಇರುವುದರಿಂದ ರೆಡ್ಯೂಸರ್‌ಗೂ ಬಿಸಿ ಸಾಲುತ್ತಿಲ್ಲ. ಕೂಲಂಟೇ ಕಡಿಮೆಯಿದೆ ಅಂತ ನನ್ನ ಅಂದಾಜು.

ನಾಳೆ ಬೆಳಿಗ್ಗೆ, ರಾತ್ರಿಯಿಡೀ ನಿಂತ ಎಂಜಿನ್ ಪೂರ್ತಿ ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿ. ಬಾಟಲಿ ಅಲ್ಲ, ರೇಡಿಯೇಟರ್. ಬಿಸಿಯಿರುವಾಗ ಯಾವ ಕಾರಣಕ್ಕೂ ಬೇಡ, ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೆ ಹಾರುತ್ತದೆ.

ಮುಲುಂಡ್_ಮಂಗಳೂರು
ಈಗ ನನ್ನ ಪ್ರಶ್ನೆ. ಕೆಲವು ವಾರಗಳಿಂದ ನನ್ನ ಕಾರಿನೊಳಗೆ ಏನೋ ಸಿಹಿ ವಾಸನೆ. ಎದುರಿನ ಗಾಜಿನ ಒಳಗಡೆ ಜಿಡ್ಡಿನ ಮಬ್ಬು, ಒರೆಸಿದರೂ ಹೋಗುವುದಿಲ್ಲ. ಎಡಗಡೆ ಕಾರ್ಪೆಟ್ ಒದ್ದೆ. ಎಸಿ ನೀರು ಅಂದುಕೊಂಡಿದ್ದೆ. ಹೀಟರ್ ಥ್ರೆಡ್ ನೋಡಿದ ಮೇಲೆ ಅನುಮಾನ.

ಪಾಷಾಣ್_ಕಾಫಿ
@ಮುಲುಂಡ್_ಮಂಗಳೂರು ಒದ್ದೆ ಜಾಗಕ್ಕೆ ಟಿಶ್ಯೂ ಒತ್ತಿ ನೋಡಿ. ಬಣ್ಣವಿಲ್ಲ, ವಾಸನೆಯಿಲ್ಲ ಅಂದರೆ ಎಸಿ ನೀರು, ಡ್ರೈನ್ ಪೈಪ್ ಕಟ್ಟಿದೆ ಅಷ್ಟೇ. ಹಸಿರೋ ಕೆಂಪೋ ಬಣ್ಣ, ಅಂಟಂಟು, ಸಿಹಿ ವಾಸನೆ ಇದ್ದರೆ ಕೂಲಂಟ್. ಹೀಟರ್ ಕೋರ್ ಸೋರುತ್ತಿದೆ. ನೀವು ಹೇಳಿದ ಜಿಡ್ಡಿನ ಮಬ್ಬು ನೋಡಿದರೆ ಎರಡನೆಯದೇ ಅನಿಸುತ್ತದೆ. ಕೂಲಂಟ್‌ನಲ್ಲಿರುವ ಎಥಿಲಿನ್ ಗ್ಲೈಕಾಲ್ ವಿಷ, ರುಚಿ ಸಿಹಿ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಹೋಗದಂತೆ ನೋಡಿಕೊಳ್ಳಿ. ರೇಡಿಯೇಟರ್ ಮಟ್ಟವನ್ನೂ ಇವತ್ತೇ ನೋಡಿ, ಸೋರಿಕೆ ಅಂದಮೇಲೆ ಅಲ್ಲಿ ಇಳಿದೇ ಇರುತ್ತದೆ.

ಮುಲುಂಡ್_ಮಂಗಳೂರು
ಟಿಶ್ಯೂ ಹಸಿರಾಯಿತು 😐 ಇಲ್ಲಿನ ಮೆಕ್ಯಾನಿಕ್ "ಮುಂಬೈಯಲ್ಲಿ ಹೀಟರ್ ಯಾರಿಗೆ ಬೇಕು, ಬೈಪಾಸ್ ಮಾಡಿಬಿಡೋಣ" ಅನ್ನುತ್ತಾರೆ. ಸರಿನಾ?

ಸ್ಪ್ಯಾನರ್_ಮಾಮ
ಮುಂಬೈಯಲ್ಲೇ ಓಡಾಡುವುದಾದರೆ ನನ್ನ ಅಭಿಪ್ರಾಯದಲ್ಲಿ ತಪ್ಪಿಲ್ಲ. ಹೊಸ ಕೋರ್ ಹಾಕಲು ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಮತ್ತೆ ಕಿರುಗುಟ್ಟದೆ ಕೂರುವುದು ಅಪರೂಪ. ಮಳೆಗಾಲದಲ್ಲಿ ಗಾಜಿನ ಮಬ್ಬು ತೆಗೆಯಲು ಎಸಿ ಸಾಕು. ಆದರೆ ಎರಡು ಹೋಸ್‌ಗಳಿಗೆ ಬಿರಡೆ ಜಡಿದು ಮುಚ್ಚಬೇಡಿ ಅನ್ನಿ. ಒಂದರಿಂದ ಇನ್ನೊಂದಕ್ಕೆ ಯು ಆಕಾರದ ಹೋಸ್ ಜೋಡಿಸಿ ಕೂಲಂಟ್ ಸುತ್ತುತ್ತಲೇ ಇರಬೇಕು, ಕೆಲವು ಎಂಜಿನ್‌ಗಳಿಗೆ ಆ ಹರಿವು ಬೇಕೇ ಬೇಕು. ಮುಂದೆ ಸಿಎನ್‌ಜಿ ಹಾಕಿಸಿದರೆ ಆ ಲೂಪ್‌ನಿಂದಲೇ ರೆಡ್ಯೂಸರ್‌ಗೆ ಕೊಡಬಹುದು. ಕಾರು ಮಾರುವಾಗ ಮಾತ್ರ ಕೊಳ್ಳುವವರಿಗೆ ಹೇಳಿಬಿಡಿ.

ಮಡಗಾಂವ್_ಕಾರವಾರ
ಗೋವಾದಿಂದ ಒಂದು ಮಾತು. ನಮಗೂ ಚಳಿಗೆ ಹೀಟರ್ ಬೇಡ, ಆದರೆ ಮಳೆಯಲ್ಲಿ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುವಾಗ ಬೇಕೇ ಬೇಕು. ಹೊರಗೆ ಮಂಜು, ಒಳಗೆ ನಾಲ್ಕು ಜನರ ಉಸಿರು, ಗಾಜು ಒಂದೇ ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಎಸಿ ಆನ್ ಮಾಡಿ, ನಾಬನ್ನು ಬಿಸಿ ಕಡೆ ತಿರುಗಿಸಿ, ಗಾಳಿಯನ್ನು ಗಾಜಿನ ಕಡೆ ಬಿಡಿ, ಹೊರಗಿನ ಗಾಳಿಯ ಲಿವರ್ ತೆರೆದಿಡಿ. ಎಸಿ ತೇವ ಹೀರುತ್ತದೆ, ಹೀಟರ್ ಅದೇ ಒಣಗಾಳಿಯನ್ನು ಬಿಸಿ ಮಾಡುತ್ತದೆ. ಎಸಿ ಮತ್ತು ಹೀಟರ್ ಎರಡೂ ಒಟ್ಟಿಗೆ ಹಾಕಿದರೆ ಕೆಡುತ್ತದೆ ಅಂತ ಕೆಲವರು ಹೆದರುತ್ತಾರೆ, ಸುಮ್ನೆ ಹೆದರಿಕೆ. ಹಾಗೆ ಬಳಸಲೆಂದೇ ಮಾಡಿರುವುದು.

ನನ್ನ ಕಾರಿನಲ್ಲೂ ಹೀಟರ್ ಬಾರದೆ ಇದ್ದದ್ದು ಫ್ಲಾಪ್‌ನಿಂದ. ಎರಡೂ ಹೋಸ್ ಬಿಸಿ ಇದ್ದವು, ಗಾಳಿ ಮಾತ್ರ ತಣ್ಣಗೆ. ನಾಬ್ ಯಾಕೋ ತೀರಾ ಹಗುರವಾಗಿ ತಿರುಗುತ್ತಿತ್ತು. ಕಾಲಿನ ಹತ್ತಿರ ಹೀಟರ್ ಪೆಟ್ಟಿಗೆಯ ಪಕ್ಕದಲ್ಲಿ ಕೇಬಲ್ ಹಿಡಿಯುವ ಕ್ಲಿಪ್ ಇರುತ್ತದೆ, ಅದು ಕಳಚಿತ್ತು. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಕಾಣುತ್ತದೆ. ಕೂರಿಸಿದೆ, ಮುಗಿಯಿತು.

ಧಾರವಾಡ_ವಾಕಡ್
@ಸ್ಪ್ಯಾನರ್_ಮಾಮ ಬೆಳಿಗ್ಗೆ ಮುಚ್ಚಳ ತೆಗೆದೆ. ಕೂಲಂಟ್ ಕಾಣಿಸಲೇ ಇಲ್ಲ. ಬೆರಳು ಹಾಕಿದರೂ ಸಿಗಲಿಲ್ಲ. ಬಾಟಲಿಯಲ್ಲಿ ಮಾತ್ರ ಮಟ್ಟ ಮೊದಲಿನಷ್ಟೇ ಇದೆ. ಇದು ಹೇಗೆ ಸಾಧ್ಯ? ರೆಡ್ಯೂಸರ್ ಹಿಂದಿನ ಗೋಡೆಯ ಮೇಲ್ಭಾಗದಲ್ಲಿದೆ, ರೇಡಿಯೇಟರ್ ಮುಚ್ಚಳಕ್ಕಿಂತ ಸ್ವಲ್ಪ ಮೇಲೆಯೇ.

ಸ್ಪ್ಯಾನರ್_ಮಾಮ
ಬಾಟಲಿ ನೋಡಿ ಸಮಾಧಾನ ಪಡಬೇಡಿ ಅನ್ನುವುದು ಇದಕ್ಕೇ. ನಿಮ್ಮಂಥ ಕಾರಿನಲ್ಲಿ ಬಾಟಲಿ ಬರೀ ಮೀಸಲು. ಎಂಜಿನ್ ಕಾದಾಗ ಕೂಲಂಟ್ ಹಿಗ್ಗಿ, ಮುಚ್ಚಳದ ಸ್ಪ್ರಿಂಗ್ ತಳ್ಳಿಕೊಂಡು ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ರೇಡಿಯೇಟರ್ ಒಳಗೆ ಎಳೆತ ಹುಟ್ಟಿ, ಮುಚ್ಚಳದ ಮಧ್ಯದ ಪುಟ್ಟ ವಾಲ್ವ್ ತೆರೆದು, ಬಾಟಲಿಯಿಂದ ಕೂಲಂಟ್ ವಾಪಸ್ ಬರಬೇಕು. ಆ ವಾಲ್ವ್ ಅಂಟಿಕೊಂಡಿದ್ದರೆ, ಅಥವಾ ಮುಚ್ಚಳದ ರಬ್ಬರ್ ಸೀಳಿದ್ದರೆ, ಅಥವಾ ಬಾಟಲಿಯ ಪೈಪ್ ಬಿರುಕು ಬಿಟ್ಟಿದ್ದರೆ ಕೂಲಂಟ್ ಬದಲು ಗಾಳಿ ಒಳಗೆ ಬರುತ್ತದೆ. ಬಾಟಲಿ ತುಂಬಿದೆ, ಎಂಜಿನ್ ಬಾಯಾರಿದೆ. ಹೊಸ ಮುಚ್ಚಳ ತನ್ನಿ, ದುಬಾರಿ ವಸ್ತು ಅಲ್ಲ. ನಾನಾ ಪೇಠ್ ಕಡೆ ಸ್ಪೇರ್ ಅಂಗಡಿಗಳಲ್ಲಿ ಸಿಗುತ್ತದೆ.

ಈಗ ಗಾಳಿ ತೆಗೆಯುವ ಕೆಲಸ. ತಣ್ಣಗಿರುವಾಗಲೇ ಕಾರಿನ ಮೂತಿ ಮೇಲಿರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ. ಸೊಸೈಟಿ ಬೇಸ್‌ಮೆಂಟಿಗೆ ಇಳಿಯುವ ದಾರಿ ಚೆನ್ನಾಗಿರುತ್ತದೆ, ಆದರೆ ತೆರೆದ ಜಾಗದಲ್ಲಿ, ಹೊಗೆ ಕಟ್ಟುವ ಕಡೆ ಬೇಡ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಳ ತೆಗೆದು ನಿಧಾನವಾಗಿ ಕೂಲಂಟ್ ತುಂಬಿ. ಹೀಟರ್ ನಾಬ್ ಪೂರ್ತಿ ಬಿಸಿಗೆ, ಬ್ಲೋವರ್ ಕಡಿಮೆಗೆ. ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ, ಪೆಟ್ರೋಲ್‌ನಲ್ಲೇ ಇರಲಿ, ಗ್ಯಾಸಿಗೆ ಬದಲಾಯಿಸಬೇಡಿ. ಗುಳ್ಳೆಗಳು ಬರುತ್ತಾ ಹೋಗುತ್ತವೆ, ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ. ಮೇಲಿನ ದಪ್ಪ ಹೋಸನ್ನು ಬಟ್ಟೆ ಹಿಡಿದು ಆಗಾಗ ಹಿಂಡಿ, ಫ್ಯಾನ್‌ನಿಂದ ಕೈ ದೂರ ಇರಲಿ. ಸ್ವಲ್ಪ ಹೊತ್ತಿಗೆ ಥರ್ಮೋಸ್ಟಾಟ್ ತೆರೆದು ಆ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ, ಮಟ್ಟ ಒಮ್ಮೆ ಕುಸಿಯಬಹುದು, ಮತ್ತೆ ತುಂಬಿ. ಗುಳ್ಳೆ ನಿಂತು, ಕೂಲಂಟ್ ಬಾಯಿಯವರೆಗೆ ಏರಿ ಬರುವಾಗ ಮುಚ್ಚಳ ಹಾಕಿ. ಕೆಲವು ಕಾರುಗಳಲ್ಲಿ ಗಾಳಿ ಬಿಡಲು ಬೇರೆ ಸ್ಕ್ರೂ ಇರುತ್ತದೆ, ನಿಮ್ಮ ಮ್ಯಾನುಯಲ್ ನೋಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಮತ್ತೊಮ್ಮೆ ನೋಡಲೇಬೇಕು.

ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಅಲ್ಲೇ ನಿಲ್ಲಿಸಿ. ಅದರ ಜೊತೆ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ನೋಡಿಸಬೇಕು. ಅದು ಬೇರೆಯೇ ಕಥೆ.

ಪಾಷಾಣ್_ಕಾಫಿ
ತುಂಬುವ ದ್ರವದ ಬಗ್ಗೆ ಒಂದು ಮಾತು. ವಾಕಡ್, ಹಿಂಜೆವಾಡಿ ಕಡೆ ಎಷ್ಟೋ ಸೊಸೈಟಿಗಳು ಟ್ಯಾಂಕರ್ ಮತ್ತು ಬೋರ್ ನೀರಿನ ಮೇಲೆ ನಡೆಯುತ್ತವೆ. ಗೀಸರ್ ಕಾಯಿಲ್ ಮೇಲೆ ಬಿಳಿ ಹೊಪ್ಪಳಿಕೆ ನೋಡಿಯೇ ಇರುತ್ತೀರಿ. ಅದೇ ಸುಣ್ಣ ಹೀಟರ್ ಕೋರ್‌ನ ಸಣ್ಣ ನಾಳಗಳಲ್ಲೂ ಕೂರುತ್ತದೆ. ರೆಡಿಮಿಕ್ಸ್ ಕೂಲಂಟ್ ತನ್ನಿ, ಅಥವಾ ಕಾನ್ಸಂಟ್ರೇಟ್ ತಂದು ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ. ಪುಣೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಹಾಗಿದ್ದರೆ ಕೂಲಂಟ್ ಯಾಕೆ ಅಂತ ಕೇಳುವವರಿದ್ದಾರೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದು ಏರಿಸುತ್ತದೆ, ಅದಕ್ಕೆ. ಹಸಿರು ಕೆಂಪು ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಮ್ಯಾನುಯಲ್‌ನಲ್ಲಿ ಯಾವ ಬಗೆ ಅಂತ ಇದೆಯೋ ಅದನ್ನೇ ಕೇಳಿ.

ಧಾರವಾಡ_ವಾಕಡ್
ಅಪ್‌ಡೇಟ್. ಹೊಸ ಮುಚ್ಚಳ, ರೆಡಿಮಿಕ್ಸ್ ಕೂಲಂಟ್. ಮಾಮ ಹೇಳಿದ ಹಾಗೆಯೇ ಮಾಡಿದೆ. ಎರಡು ಲೀಟರ್‌ಗೂ ಜಾಸ್ತಿ ಹಿಡಿಯಿತು! ಗುಳುಗುಳು ಅಂತ ಗಾಳಿ ಬಂದಿತು, ಡ್ಯಾಶ್‌ಬೋರ್ಡ್ ಹಿಂದಿನಿಂದಲೂ ನೀರು ಹರಿದ ಸದ್ದು ಕೇಳಿಸಿತು. ಈಗ ಸಿಗ್ನಲ್‌ನಲ್ಲೂ ಬೆಚ್ಚಗೆ ಗಾಳಿ ಬರುತ್ತಿದೆ. ಗ್ಯಾಸ್‌ನ ಜರ್ಕ್ ಬಹುತೇಕ ಹೋಗಿದೆ. ಆದರೆ ಬಿಸಿ ಅನ್ನುವಷ್ಟು ಇಲ್ಲ. ಒಳಗೆ ಹೋಗುವ ಹೋಸ್ ಸುಡುತ್ತದೆ, ಹೊರಬರುವುದು ಬೆಚ್ಚಗಿದೆ ಅಷ್ಟೇ. ಮರುದಿನ ರೇಡಿಯೇಟರ್ ಮಟ್ಟ ಅರ್ಧ ಬೆರಳು ಮಾತ್ರ ಇಳಿದಿತ್ತು, ತುಂಬಿದೆ.

ಸ್ಪ್ಯಾನರ್_ಮಾಮ
ಒಳ್ಳೆಯದಾಯಿತು. ಉಳಿದದ್ದು ಕೋರ್ ಒಳಗಿನ ಕಸ. ಡ್ಯಾಶ್‌ಬೋರ್ಡ್ ಬಿಚ್ಚದೆ ತೊಳೆಯಬಹುದು. ತಣ್ಣಗಿರುವಾಗ ಹಿಂದಿನ ಗೋಡೆಯ ಹತ್ತಿರ ಎರಡೂ ಹೋಸ್ ಬಿಚ್ಚಿ, ಕೋರ್‌ನಿಂದ ಹೊರಬರುವ ಬಾಯಿಗೆ ಗಾರ್ಡನ್ ಪೈಪ್ ಹಿಡಿದು ಹಿಮ್ಮುಖವಾಗಿ ನೀರು ಬಿಡಿ. ನಲ್ಲಿಯ ಒತ್ತಡ ಕಡಿಮೆಯಿರಲಿ. ಕಂಪ್ರೆಸರ್ ಗಾಳಿ, ಸರ್ವಿಸ್ ಸ್ಟೇಷನ್‌ನ ಪ್ರೆಷರ್ ವಾಷ್ ಬೇಡವೇ ಬೇಡ. ತೆಳು ಅಲ್ಯೂಮಿನಿಯಂ, ಸೀಳಿದರೆ ಆಗ ನಿಜವಾಗಿಯೂ 14 ಸಾವಿರ. ಬಾತ್‌ರೂಮ್ ಆಸಿಡ್ ಹಾಕುವ ಐಡಿಯಾ ಯಾರಾದರೂ ಕೊಟ್ಟರೆ ಅವರ ಕಾರಿನಲ್ಲೇ ಮೊದಲು ಹಾಕಲು ಹೇಳಿ. ಕಂದು ನೀರು ಹೋಗಿ ತಿಳಿನೀರು ಬರುವವರೆಗೆ ಬಿಡಿ, ಕೊನೆಗೆ ಒಂದೆರಡು ಲೀಟರ್ ಡಿಸ್ಟಿಲ್ಡ್ ನೀರು ಹಾಯಿಸಿ. ಹಳೆಯ ಹೋಸ್ ಬಾಯಿ ಅಂಟಿಕೊಂಡಿರುತ್ತದೆ, ಎಳೆದಾಡಿ ಪೈಪ್ ಮುರಿಯಬೇಡಿ, ಮೆಲ್ಲಗೆ ತಿರುಗಿಸಿ. ಚೆಲ್ಲಿದ ಕೂಲಂಟ್ ಬಕೆಟ್‌ನಲ್ಲಿ ಹಿಡಿಯಿರಿ. ಆಮೇಲೆ ಮತ್ತೆ ಗಾಳಿ ತೆಗೆಯುವ ಕೆಲಸ ಇದ್ದದ್ದೇ.

ರೆಡ್ಯೂಸರ್ ಕೆಳಗೆ ಇಳಿಸುವುದನ್ನು ಮಾತ್ರ ನೀವು ಮಾಡಬೇಡಿ. ಅದಕ್ಕೆ ಹೈ ಪ್ರೆಷರ್ ಗ್ಯಾಸ್ ಲೈನ್ ಸೇರಿದೆ. ಅಧಿಕೃತ ಫಿಟ್ಟರ್‌ಗಳು ಬ್ರ್ಯಾಕೆಟ್ ಬದಲಿಸಿ ಲೀಕ್ ಚೆಕ್ ಮಾಡಿ ಕೊಡಬೇಕು. ಸದ್ಯಕ್ಕೆ ಗಾಳಿ ಪೂರ್ತಿ ಹೋಗಿದ್ದರೆ ಧಾರವಾಡದ ಪ್ರಯಾಣಕ್ಕೆ ತೊಂದರೆಯಿಲ್ಲ, ಬಂದ ಮೇಲೆ ಮಾಡಿಸಿ.

ಕೊಲ್ಹಾಪುರ_ರೋಡ್
ಥರ್ಮೋಸ್ಟಾಟ್ ವಿಷಯದಲ್ಲಿ ಮಾಮ ಜೊತೆ ಜಗಳ ಇನ್ನೂ ಮುಗಿದಿಲ್ಲ, ಇರಲಿ. ಧಾರವಾಡಕ್ಕೆ ಹೊರಟವರಿಗೆ ಘಾಟ್‌ನ ಒಂದು ಮಾತು. ಖಂಬಾಟ್ಕಿ ಏರುವಾಗ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ ಹೀಟರ್ ಫುಲ್ ಹಾಕಿ, ಕಿಟಕಿ ಇಳಿಸಿ. ಎಂಜಿನ್‌ನ ಬಿಸಿಯನ್ನು ಹೀಟರ್ ಸ್ವಲ್ಪ ಹೊರಗೆ ಎಳೆಯುತ್ತದೆ. ಆದರೆ ಮುಳ್ಳು ಮೇಲಿದ್ದೂ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಒಂದು ಫರ್ಲಾಂಗ್ ಕೂಡ ಮುಂದೆ ಹೋಗಬೇಡಿ. ಕೂಲಂಟ್ ಖಾಲಿ ಅಂತ ಅರ್ಥ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ. "ಮುಂದಿನ ಪಂಪ್ ತನಕ ಹೋಗಿಬಿಡೋಣ" ಅಂದವರ ಹೆಡ್ ಬೆಂಡ್ ಆಗಿದ್ದನ್ನು ನೋಡಿದ್ದೇನೆ.

ಪಾಷಾಣ್_ಕಾಫಿ
ಈ ಥ್ರೆಡ್‌ನ ಅತಿ ಉಪಯೋಗದ ಮಾತು ಇದು. ಕೂಲಂಟ್ ಪೂರ್ತಿ ಇಳಿದಾಗ ಸೆನ್ಸರ್ ಗಾಳಿಯಲ್ಲಿ ಉಳಿದು ಮುಳ್ಳು ಸುಳ್ಳು ಹೇಳುವುದೂ ಉಂಟು. ಆಗ ಮೊದಲ ಎಚ್ಚರಿಕೆ ಹೀಟರ್‌ದೇ.

ಥರ್ಮೋಸ್ಟಾಟ್ ಜಗಳಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ. ಅನುಮಾನ ಇದ್ದರೆ ಹೊರತೆಗೆದು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ. ಅಡುಗೆಗೆ ಬಳಸದ ಪಾತ್ರೆ ಇರಲಿ. ತೆರೆಯುವ ಉಷ್ಣತೆ ಅದರ ಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ 82ರಿಂದ 88 ಡಿಗ್ರಿ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಇಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ, ಹಾಗಾಗಿ ಅದು ಬಾಯಿ ತೆರೆಯುವುದು ಕಾಣಿಸುತ್ತದೆ. ತಣ್ಣೀರಿನಲ್ಲೇ ಬಾಯಿ ಬಿಟ್ಟಿದ್ದರೆ ಸ್ಟಕ್ ಆಗಿದೆ, ಹೊಸದು ಹಾಕಿ. ಬಿಚ್ಚಲು ಬೇಜಾರಾದರೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ನೋಡಿ. ಮೊದಲ ನಿಮಿಷದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋದರೆ ಥರ್ಮೋಸ್ಟಾಟ್ ಮುಚ್ಚುತ್ತಿಲ್ಲ. ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಇದ್ದವರಿಗೆ ಪಿ0128 ಅನ್ನುವ ಕೋಡ್ ಬಂದರೂ ಇದೇ ಕಡೆ ಬೆರಳು, ಎಂಜಿನ್ ಕಾಯಬೇಕಾದಷ್ಟು ಕಾಯುತ್ತಿಲ್ಲ ಅಂತ.

ಹಡಪ್ಸರ್_ಹುಬ್ಬಳ್ಳಿ
ನಡುವೆ ಬಂದೆ, ಕ್ಷಮಿಸಿ. ನನ್ನದು ಆಟೋಮ್ಯಾಟಿಕ್ ಕ್ಲೈಮೇಟ್ ಕಾರು. ಡ್ರೈವರ್ ಕಡೆ ಬಿಸಿ, ಪಕ್ಕದ ಸೀಟಿಗೆ ತಣ್ಣಗೆ. ಸ್ಟಾರ್ಟ್ ಮಾಡಿದಾಗ ಡ್ಯಾಶ್ ಹಿಂದೆ ಟಿಕ್ ಟಿಕ್ ಸದ್ದು. ಹೆಂಡತಿ ಇದನ್ನು ನನ್ನ ಪಿತೂರಿ ಅನ್ನುತ್ತಾಳೆ.

ಮಡಗಾಂವ್_ಕಾರವಾರ
@ಹಡಪ್ಸರ್_ಹುಬ್ಬಳ್ಳಿ ಟಿಕ್ ಟಿಕ್ ಅಂದರೆ ಫ್ಲಾಪ್ ತಿರುಗಿಸುವ ಪುಟ್ಟ ಮೋಟರ್‌ನ ಪ್ಲಾಸ್ಟಿಕ್ ಹಲ್ಲು ಹೋಗಿದೆ ಅಂತ ನೂರಕ್ಕೆ ತೊಂಬತ್ತು. ನಿಮ್ಮಂಥ ಕಾರಿನಲ್ಲಿ ಕೇಬಲ್ ಬದಲು ಆಕ್ಚುಯೇಟರ್ ಇರುತ್ತದೆ, ಎರಡು ಕಡೆಗೂ ಬೇರೆ ಬೇರೆ. ಎಷ್ಟೋ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಕಳಚಿದರೆ ಕೈಗೆ ಸಿಗುತ್ತದೆ. ಬದಲಿಸಿದ ಮೇಲೆ ಕ್ಯಾಲಿಬ್ರೇಟ್ ಮಾಡಬೇಕಾಗಬಹುದು. ಅದಕ್ಕೂ ಮುಂಚೆ ಕೂಲಂಟ್ ನೋಡಿ, ಕಡಿಮೆಯಿದ್ದರೂ ಒಂದು ಕಡೆ ಮಾತ್ರ ತಣ್ಣಗೆ ಬರುವುದುಂಟು. ಪಿತೂರಿ ಬಗ್ಗೆ ನಮಗೆ ಗೊತ್ತಿಲ್ಲ.

ಧಾರವಾಡ_ವಾಕಡ್
ಧಾರವಾಡದಿಂದ ಬರೆಯುತ್ತಿದ್ದೇನೆ. ಹೊರಡುವ ಮುಂಚಿನ ಭಾನುವಾರ ಕೋರ್ ತೊಳೆದೆ. ಮೊದಲು ಬಂದದ್ದು ಚಹಾ ಬಣ್ಣದ ನೀರು, ಜೊತೆಗೆ ಚೂರು ಚೂರು ಹೊಪ್ಪಳಿಕೆ. ಈಗ ಎರಡೂ ಹೋಸ್ ಬಿಸಿ. ಬೆಳಗಿನ ಜಾವ ಕಾತ್ರಜ್ ದಾಟುವ ಹೊತ್ತಿಗೆ ಅಮ್ಮ "ಸಾಕು, ಕಮ್ಮಿ ಮಾಡು" ಅಂದರು. ಖಂಬಾಟ್ಕಿಯಲ್ಲೂ ಮುಳ್ಳು ಅಲುಗಲಿಲ್ಲ. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತಾಗ ಬಾನೆಟ್ ಎತ್ತಿ ನೋಡಿದೆ, ರೆಡ್ಯೂಸರ್ ಬಿಸಿಯಾಗಿಯೇ ಇತ್ತು, ಎಲ್ಲೂ ಸೋರಿಕೆಯಿಲ್ಲ. ವಾಪಸ್ ಬಂದ ಮೇಲೆ ರೆಡ್ಯೂಸರ್ ಕೆಳಗೆ ಇಳಿಸಲು ಅಧಿಕೃತ ಸೆಂಟರ್‌ನಲ್ಲಿ ಸಮಯ ತೆಗೆದುಕೊಂಡಿದ್ದೇನೆ. ಮಾಮ, ಕಾಫಿ, ಎಲ್ಲರಿಗೂ ಥ್ಯಾಂಕ್ಸ್.

ಮುಲುಂಡ್_ಮಂಗಳೂರು
ನನ್ನದೂ ಬೈಪಾಸ್ ಆಯಿತು, ಯು ಹೋಸ್ ಹಾಕಿಸಿದೆ. ವಾಸನೆ ಹೋಯಿತು. ಮಾಮ ಬರೆದಿದ್ದು ಓದಿ ನಾನೂ ರೇಡಿಯೇಟರ್ ಮುಚ್ಚಳ ಬದಲಿಸಬೇಕು ಅಂದುಕೊಂಡಿದ್ದೇನೆ. ಅಂಗಡಿಯಲ್ಲಿ 0.9 ಮತ್ತು 1.1 ಅಂತ ಎರಡು ತೋರಿಸಿದರು. ಜಾಸ್ತಿ ಇರುವುದೇ ಒಳ್ಳೆಯದಲ್ವಾ?

ಸ್ಪ್ಯಾನರ್_ಮಾಮ
ಅಲ್ಲ. ಅದು ಎಷ್ಟು ಒತ್ತಡಕ್ಕೆ ಮುಚ್ಚಳ ತೆರೆಯುತ್ತದೆ ಅನ್ನುವ ಸಂಖ್ಯೆ. ನಿಮ್ಮ ಹಳೆಯ ಮುಚ್ಚಳದ ಮೇಲೆ ಏನಿದೆಯೋ ಅದೇ ತನ್ನಿ, ಅಳಿಸಿಹೋಗಿದ್ದರೆ ಮ್ಯಾನುಯಲ್ ನೋಡಿ. 0.9 ಇರಬೇಕಾದ ಕಡೆ 1.1 ಹಾಕಿದರೆ ಹಳೆಯ ಹೋಸ್‌ಗಳ ಮೇಲೆ ಭಾರ ಜಾಸ್ತಿ. ಉಲ್ಟಾ ಮಾಡಿದರೆ ಕೂಲಂಟ್ ಬೇಗ ಕುದಿಯುತ್ತದೆ. ಕೊಳ್ಳುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕೆಳಗಿನ ರಬ್ಬರ್‌ನ ಆಳವೂ ಒಂದೇ ಇರಬೇಕು.